ಸ್ಯಾಟ್ ಕಡ್ಡಾಯ ಅಲ್ಲವಂತೆ, ಬರೆಸಬೇಕಾ?

ಪ್ರಶ್ನೆ: ಮೇಡಂ, ನಮ್ಮದು ಸಾಗರದ ಹತ್ತಿರ ಹಳ್ಳಿ, ಅಡಿಕೆ ತೋಟ ಇದೆ. ಮಗಳು ಸೆಕೆಂಡ್ ಪಿಯು ಸೈನ್ಸ್. ಸ್ಕಾಲರ್‌ಶಿಪ್ ಕೇಳಿ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕ್ತೀನಿ ಅಂತಾಳೆ. ಅಲ್ಲಿ ಪ್ರವೇಶಕ್ಕೆ ನೋಡುವ ಸ್ಯಾಟ್ ಅನ್ನುವ ಇಂಗ್ಲಿಷ್-ಗಣಿತದ ಪರೀಕ್ಷೆ ಹಲವು ಕಡೆ ಕಡ್ಡಾಯ ಅಲ್ಲವಂತೆ. ಹಾಗಿದ್ದ ಮೇಲೆ ದುಡ್ಡು ಕಟ್ಟಿ, ಬೆಂಗಳೂರಿಗೆ ಓಡಾಡಿ ಬರೆಸುವುದು ಯಾಕೆ? ಕಡಿಮೆ ಬಂದರೆ ಇದ್ದದ್ದೂ ಕೆಡುತ್ತದೆ ಅಂತ ನಮ್ಮ ಭಾವ ಹೆದರಿಸುತ್ತಾರೆ. ಸಿಇಟಿ ಓದು ಬೇರೆ ಇದೆ.
– ಒಬ್ಬ ತಂದೆ, ಸಾಗರ ತಾಲ್ಲೂಕು

ಉತ್ತರ: ಬರೆಸಿ.

ನಿಮ್ಮ ಭಾವನವರಿಗೆ ಮೊದಲು ಸಮಾಧಾನ ಹೇಳಿ. ಕಡ್ಡಾಯ ಇಲ್ಲದ ಕಾಲೇಜಿಗೆ ಅಂಕ ಕಳಿಸುವುದು, ಬಿಡುವುದು ಮಗಳ ಕೈಯಲ್ಲೇ ಇದೆ. ಕಡಿಮೆ ಬಂತೋ, ಕಳಿಸಬೇಡಿ. ಅಷ್ಟೇ.

ನನಗೆ ಮುಖ್ಯ ಅನಿಸುವುದು ಬೇರೆ. ಅಲ್ಲಿ ಅರ್ಜಿಗೆ ಕಡೆಯ ದಿನ ಹೆಚ್ಚಾಗಿ ಜನವರಿ ಮೊದಲ ವಾರ. ಮಾರ್ಚ್ ಕೊನೆಗೆಲ್ಲಾ ಯಾರಿಗೆ ಸೀಟು ಅಂತ ಹೇಳಿಬಿಡುತ್ತಾರೆ. ನಮ್ಮ ಸೆಕೆಂಡ್ ಪಿಯು ಫಲಿತಾಂಶ ಬರುವುದು ಏಪ್ರಿಲ್‌ನಲ್ಲಿ! ಹಾಗಾಗಿ ಅವರ ಮುಂದಿರುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಫಸ್ಟ್ ಪಿಯು ಅಂಕ, ಮೇಷ್ಟ್ರು ಬರೆದ ನಾಲ್ಕು ಒಳ್ಳೆ ಮಾತು. ಫಸ್ಟ್ ಪಿಯು ಪೇಪರ್ ತಿದ್ದುವವರು ಆಯಾ ಕಾಲೇಜಿನವರೇ. ಶಿವಮೊಗ್ಗದಲ್ಲಿ ನಾನೂ ಗಣಿತದ ಪೇಪರ್ ತಿದ್ದಿದವಳು. ಒಬ್ಬರದು ಬಿಗಿ ಕೈ, ಇನ್ನೊಬ್ಬರದು ಧಾರಾಳ. ಸಾಗರದ 95ಕ್ಕೆ ಎಷ್ಟು ತೂಕ ಅಂತ ಅಷ್ಟು ದೂರ ಕೂತವರಿಗೆ ಹೇಗೆ ಗೊತ್ತಾಗಬೇಕು? ಹೆಸರಾಂತ ಇಂಟರ್‌ನ್ಯಾಷನಲ್ ಸ್ಕೂಲಿನ ಮಕ್ಕಳು ಸ್ಯಾಟ್ ಬಿಟ್ಟರೂ ನಡೆದೀತು. ಎಲ್ಲ ಕಡೆಯ ಮಕ್ಕಳಿಗೂ ಒಂದೇ ಅಳತೆಗೋಲು ಸ್ಯಾಟ್, ನಿಮ್ಮ ಮಗಳಿಗೆ ಅದು ಬೇಕು.

2024ರಲ್ಲಿ ಡಾರ್ಟ್‌ಮತ್ ಕಾಲೇಜು ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದಾಗ ಹೇಳಿದ ಕಾರಣವೂ ಇಂಥದ್ದೇ. ಅನುಕೂಲ ಕಡಿಮೆ ಇದ್ದ ಮಕ್ಕಳು, ತಮಗೆ ನೆರವಾಗಬಹುದಾಗಿದ್ದ ಅಂಕವನ್ನೇ ಸಾಲದು ಅಂದುಕೊಂಡು ಕಳಿಸದೆ ಬಿಟ್ಟಿದ್ದರಂತೆ. ಎಂಐಟಿ 2022ರಲ್ಲೇ ಕಡ್ಡಾಯ ಮಾಡಿತ್ತು, ಹಾರ್ವರ್ಡ್ ಆಮೇಲೆ. ಬೋಡನ್ ಕಾಲೇಜಿನಲ್ಲಿ ಮಾತ್ರ 1969ರಿಂದಲೂ ಐಚ್ಛಿಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಕಳಿಸಿದರೂ ಪ್ರವೇಶಕ್ಕೆ ನೋಡುವುದಿಲ್ಲ. ಮಗಳ ಪಟ್ಟಿಯಲ್ಲಿ ಬರೀ ಆ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳೇ ಇದ್ದರೆ ನನ್ನ ಉತ್ತರ ವಾಪಸ್.

ಎಷ್ಟು ಬಂದರೆ ಕಳಿಸಬೇಕು? ಸೇರಿದ ಮಕ್ಕಳಲ್ಲಿ ನಡುವಿನ ಅರ್ಧದಷ್ಟು ಜನರ ಅಂಕ ಎಲ್ಲಿಂದ ಎಲ್ಲಿವರೆಗೆ ಅಂತ ಕಾಲೇಜುಗಳು ಪ್ರಕಟಿಸುತ್ತವೆ. ಅದರೊಳಗೆ ಬಂದರೆ ಕಳಿಸಿ. ಸ್ವಲ್ಪ ಕೆಳಗಿದ್ದರೂ ನಾನಾದರೆ ಕಳಿಸುತ್ತಿದ್ದೆ. ಯಾಕೆಂದರೆ ಐಚ್ಛಿಕ ಇರುವಲ್ಲಿ ಜಾಸ್ತಿ ಬಂದವರೇ ಕಳಿಸುವುದು, ಆ ಲೆಕ್ಕ ಸ್ವಲ್ಪ ಉಬ್ಬಿರುತ್ತದೆ.

ಪರೀಕ್ಷೆ 2 ಗಂಟೆ 14 ನಿಮಿಷ, ಲ್ಯಾಪ್‌ಟಾಪ್‌ನಲ್ಲಿ, ಒಟ್ಟು 1600 ಅಂಕ. ಸಿಇಟಿ ಹಾಗೇ ತಪ್ಪಿಗೆ ಅಂಕ ಕಳೆಯುವುದಿಲ್ಲ. ಗಣಿತಕ್ಕೆ ಕ್ಯಾಲ್ಕುಲೇಟರ್ ಪರದೆಯಲ್ಲೇ ಇರುತ್ತದೆ, ಪಿಯು ಸೈನ್ಸ್ ಮಕ್ಕಳಿಗೆ ಅದು ಕಷ್ಟ ಅಲ್ಲ. ಎಡವುವುದು ಇಂಗ್ಲಿಷಿನಲ್ಲಿ. ನಮ್ಮ ಮನೆಯಲ್ಲಿ ಕೂತು ಮಾದರಿ ಪರೀಕ್ಷೆ ಬರೆದ ಹುಡುಗಿಯೊಬ್ಬಳು ಗಣಿತವನ್ನು ಹೊತ್ತಿಗೆ ಮುಂಚೆಯೇ ಮುಗಿಸಿ ಆರಾಮಾಗಿದ್ದಳು. ಅದೇ ಹುಡುಗಿ ‘ಹೌಎವರ್’ ಹಿಂದೆ ಕಾಮಾ ಹಾಕಬೇಕೋ ಸೆಮಿಕೋಲನ್ನೋ ಅಂತ ಪೆನ್ನು ಕಚ್ಚುತ್ತಾ ಕೂತಿದ್ದಳು. ಅಂಥ ಪ್ರಶ್ನೆ ಬಂದೇ ಬರುತ್ತವೆ, ಒಂದು ತಿಂಗಳು ಕೂತರೆ ಹಿಡಿತಕ್ಕೆ ಸಿಗುತ್ತವೆ. ಕೋಚಿಂಗ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಸ್ಯಾಟ್ ನಡೆಸುವವರದೇ ‘ಬ್ಲೂಬುಕ್’ ಆ್ಯಪ್‌ನಲ್ಲಿ ಪೂರ್ತಿ ಮಾದರಿ ಪರೀಕ್ಷೆಗಳಿವೆ, ಖಾನ್ ಅಕಾಡೆಮಿ ವೆಬ್‌ಸೈಟಿನಲ್ಲಿ ಪಾಠಗಳಿವೆ, ಎರಡೂ ಉಚಿತ. ನಿಜವಾದ ಪರೀಕ್ಷೆಯ ಮಧ್ಯೆ ನೆಟ್ ಹೋದರೂ ಬರೆದದ್ದು ಹೋಗುವುದಿಲ್ಲ. ಶುರು ಮಾಡುವಾಗ, ಕೊನೆಗೆ ಕಳಿಸುವಾಗ ಇದ್ದರೆ ಸಾಕು. ನಮ್ಮ ಕಡೆಯವರಿಗೆ ಮೊದಲು ಕಾಡುವ ಭಯ ಅದೇ ಅಲ್ವಾ!

ಸಿಇಟಿ ಬಿಡಬೇಡಿ. ಆಗಸ್ಟ್ ಅಥವಾ ಅಕ್ಟೋಬರ್‌ನಲ್ಲಿ ಸ್ಯಾಟ್ ಮುಗಿಸಿಬಿಟ್ಟರೆ ಎರಡೂ ನಡೆಯುತ್ತವೆ.

ಸ್ಯಾಟ್‌ಗಿಂತ ದೊಡ್ಡ ತಲೆನೋವು ಸ್ಕಾಲರ್‌ಶಿಪ್. ಮನೆಯ ಹಣಕಾಸು ನೋಡದೆ ವಿದೇಶಿ ಮಕ್ಕಳನ್ನು ಆರಿಸುವ ಕಾಲೇಜು ಬೆರಳೆಣಿಕೆಯಷ್ಟು. ಎಷ್ಟು ನೆರವು ಕೊಡಬೇಕು ಅಂತ ಲೆಕ್ಕ ಹಾಕಲು ಅವರೂ ಮನೆಯ ಆದಾಯ ಕೇಳುತ್ತಾರೆ. ಅಡಿಕೆ ಮಂಡಿಯ ಹಳೇ ಬಿಲ್ಲುಗಳನ್ನು ಎಸೆದಿಲ್ಲ ತಾನೇ?