21 ಗೇರು ಎಣಿಸಬೇಡಿ, ಹಿಂದಿನ ಚಕ್ರ ನೋಡಿ

ರೇಸ್ ಸೈಕಲ್ಲಿಗೂ ಗುಡ್ಡದ ಸೈಕಲ್ಲಿಗೂ ನಡುವಿನ ಈ ಹೈಬ್ರಿಡ್ ಸೈಕಲ್ ಎಂಥದ್ದು, ಗೇರು ಬದಲಿಸುವುದು ಹೇಗೆ ಎಂದೆಲ್ಲ ಈ ಅಂಕಣದಲ್ಲಿ ಮತ್ತೆ ಬರೆಯುವುದಿಲ್ಲ. ಸೈಕಲ್ ಕೊಳ್ಳಲು ಹೊರಟವರಿಗೆ ಅಷ್ಟು ಗೊತ್ತಿರುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಊರು ಮಾತ್ರ ಬೇರೆ. ಹೋದ ವರ್ಷವೂ ಅದೇ ಬಂದಿತ್ತು. ಹಾಗಾಗಿ ಒಂದು ಪತ್ರ ಆರಿಸಿಕೊಂಡು ಉದ್ದಕ್ಕೆ ಉತ್ತರಿಸಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನನಗೆ 46 ವರ್ಷ, ತೂಕ 88 ಕೆಜಿ. ಶುಗರ್ ಬಾರ್ಡರ್‌ನಲ್ಲಿದೆ. ಡಾಕ್ಟರು ವ್ಯಾಯಾಮ ಮಾಡಿ ಎಂದಿದ್ದಾರೆ. ಬೆಳಿಗ್ಗೆ 12–15 ಕಿ.ಮೀ. ಸೈಕಲ್ ಹೊಡೆಯುವ ಯೋಚನೆ. ಅರ್ಧ ಕಾಂಕ್ರೀಟ್ ರಸ್ತೆ, ಅಲ್ಲಲ್ಲಿ ಗುಂಡಿ, ಕೊನೆಗೆ ಸ್ವಲ್ಪ ಚಾನೆಲ್ (ನಾಲೆ) ಪಕ್ಕದ ಮಣ್ಣು ದಾರಿ. ಎರಡು ಹೈಬ್ರಿಡ್ ನೋಡಿದ್ದೇನೆ. ಒಂದರಲ್ಲಿ ಮುಂದೆ ಸಸ್ಪೆನ್ಷನ್, 21 ಗೇರು, ಎರಡೂ ಕಡೆ ಡಿಸ್ಕ್ ಬ್ರೇಕ್. ಇನ್ನೊಂದರಲ್ಲಿ ಸಾದಾ ಫೋರ್ಕ್, 16 ಗೇರು, ರಿಮ್ ಹಿಡಿಯುವ ಮಾಮೂಲಿ ವಿ-ಬ್ರೇಕ್. ಆದರೂ ಎರಡನೆಯದಕ್ಕೆ ಐದು ಸಾವಿರ ಜಾಸ್ತಿ! ಮೊದಲನೆಯದೇ ಲಾಭ ಅಲ್ವಾ? – ಓದುಗರೊಬ್ಬರು, ದಾವಣಗೆರೆ

ನಿಮಗೆ ಹಾಗೆ ಅನ್ನಿಸಲಿ ಎಂದೇ ಮೊದಲನೆಯ ಸೈಕಲ್ಲನ್ನು ಮಾಡಿರುವುದು. ಸಸ್ಪೆನ್ಷನ್, ಡಿಸ್ಕ್, 21. ಅಂಗಡಿಯ ಬೋರ್ಡಿನ ಮೇಲೆ ಬರೆಯಲು ಬರುವುದು ಇಷ್ಟೇ. ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನೊಳಗೆ ಏನಿದೆ ಎಂದು ಯಾರೂ ಬೋರ್ಡ್ ಹಾಕುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಮೊದಲು ಸಸ್ಪೆನ್ಷನ್. ಈ ಬೆಲೆಯ ಫೋರ್ಕಿನೊಳಗೆ, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲಿನೊಳಗೆ, ಇರುವುದು ಒಂದು ಸ್ಪ್ರಿಂಗ್, ಒಂದಿಷ್ಟು ರಬ್ಬರು. ಸ್ಪ್ರಿಂಗ್ ಒತ್ತಿಕೊಂಡ ಮೇಲೆ ನಿಧಾನಕ್ಕೆ ವಾಪಸ್ ಬರಬೇಕಲ್ಲ, ಆ ತಡೆ ಕೊಡುವ ಎಣ್ಣೆಯ ಭಾಗ ಇದರಲ್ಲಿ ಇರುವುದೇ ಇಲ್ಲ. ಗುಂಡಿಗೆ ಇಳಿದರೆ ಗಟ್ಟಿಯಾಗಿ ಕೂತು ಮತ್ತೆ ಪುಟಿಯುತ್ತದೆ. ತೂಕ ಎರಡು ಕೆಜಿಗಿಂತ ಜಾಸ್ತಿ, ಸಾದಾ ಫೋರ್ಕಿನ ಹೆಚ್ಚುಕಡಿಮೆ ಎರಡರಷ್ಟು. ನೀವು ಎದ್ದು ನಿಂತು ತುಳಿದಾಗಲೆಲ್ಲ ಸೈಕಲ್ಲಿನ ಮೂತಿ ಮೇಲೆ ಕೆಳಗೆ ಆಡುತ್ತದೆ. ನಿಮ್ಮ ಬಲದ ಒಂದು ಪಾಲು ಆ ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ. ಎರಡು ಮಳೆಗಾಲ ಕಳೆದರೆ ಒಳಗಿನ ಕೊಳವೆ ತುಕ್ಕು ಹಿಡಿದು ಗಟ್ಟಿಯಾಗುತ್ತದೆ. ಆಮೇಲೆ ಅದೂ ಸಾದಾ ಫೋರ್ಕೇ, ತೂಕದ್ದು ಅಷ್ಟೇ.

ಮತ್ತೆ ಗುಂಡಿಗೆ ಏನು ಮಾಡುವುದು? ಟೈರು. 32 ಎಂಎಂ ಟೈರಿನ ಬದಲು 38 ಹಾಕಿ, ಗಾಳಿ ಸ್ವಲ್ಪ ಇಳಿಸಿ. ಟೈರಿನ ಪಕ್ಕದಲ್ಲಿ ಬರೆದಿರುವ ದೊಡ್ಡ ಸಂಖ್ಯೆ ಅದು ತಾಳುವ ಮಿತಿ, ಅಷ್ಟು ತುಂಬಿಸಿ ಎಂದು ಹೇಳಿದ್ದಲ್ಲ. ನಿಮ್ಮ ತೂಕಕ್ಕೆ 38ರ ಟೈರಿನಲ್ಲಿ ಹಿಂದೆ 55, ಮುಂದೆ 50 ಪಿಎಸ್‌ಐನಿಂದ ಶುರು ಮಾಡಿ. ಅಂಗೈ ಜುಮ್ಮೆಂದರೆ ಎರಡೆರಡು ಇಳಿಸಿ, ಗುಂಡಿಯಲ್ಲಿ ರಿಮ್ ಹೊಡೆದ ಸದ್ದು ಬಂದರೆ ಏರಿಸಿ. ಚಾನೆಲ್ ದಾರಿಯ ಮಣ್ಣಿಗೆ ಇದು ಧಾರಾಳ. ದಪ್ಪ ಟೈರು ಹಿಡಿಸುವಷ್ಟು ಜಾಗ ಫೋರ್ಕಿನಲ್ಲಿ ಇದೆಯೇ ಎಂದು ಮಾತ್ರ ದುಡ್ಡು ಕೊಡುವ ಮೊದಲೇ ಕೇಳಿ.

ಇನ್ನು ಗೇರು. 21 ದೊಡ್ಡದು, 16 ಚಿಕ್ಕದು ಎಂಬ ಲೆಕ್ಕ ಕೇಳಿ ಕೇಳಿ ನನಗೆ ತಲೆ ಕೆಟ್ಟಿದೆ. ಈ ದರ್ಜೆಯ 21 ಗೇರಿನ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ ಮೂರು ಹಲ್ಲುಚಕ್ರ, 42, 34, 24 ಹಲ್ಲಿನವು. ಹಿಂದೆ ಏಳು, 14ರಿಂದ 28 ಹಲ್ಲಿನವು. ಮುಂದೆ 42, ಹಿಂದೆ 28 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೂವರೆ ಸುತ್ತು. ಮುಂದೆ 24, ಹಿಂದೆ 16 ಹಾಕಿದರೂ ಅದೇ ಒಂದೂವರೆ. 42ಕ್ಕೆ 20 ಮತ್ತು 34ಕ್ಕೆ 16, ಎರಡೂ ಹೆಚ್ಚುಕಡಿಮೆ ಒಂದೇ. ಹೀಗೆ ಒಂದೇ ಥರದವನ್ನು ಕಳೆದು ನೋಡಿದರೆ 21ರಲ್ಲಿ ಕೈಗೆ ಸಿಗುವ ಬೇರೆ ಬೇರೆ ಗೇರು ಹದಿನಾಲ್ಕರ ಆಸುಪಾಸು. ಅತಿ ಭಾರದ 42-14ರಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಆರೂವರೆ ಮೀಟರ್ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 31 ಕಿ.ಮೀ. ದಾವಣಗೆರೆಯ ಸಪಾಟು ರಸ್ತೆಗೆ ಅದೂ ಸಾಕು, ಇದೂ ಸಾಕು. ಗೇರಿನ ಸಂಖ್ಯೆಯನ್ನು ಇಲ್ಲಿಗೇ ಬಿಡಿ.

ಡಿಸ್ಕ್ ಬ್ರೇಕ್ ಎಂದು ಬೀಗಬೇಡಿ. ಅಗ್ಗದ್ದು ವೈರಿನಿಂದ ಎಳೆಯುವ ಡಿಸ್ಕ್. ಅದರಲ್ಲಿ ಒಂದು ಕಡೆಯ ಪ್ಯಾಡ್ ಮಾತ್ರ ಚಲಿಸಿ, ತಟ್ಟೆಯನ್ನು ಬಗ್ಗಿಸಿ ಆಚೆ ಕಡೆಯ ಪ್ಯಾಡಿಗೆ ಒತ್ತುತ್ತದೆ. ಪದೇ ಪದೇ ಸರಿ ಮಾಡದಿದ್ದರೆ ಶ್ರುತಿಪೆಟ್ಟಿಗೆ ಹಾಗೆ ಒಂದೇ ಸಮ ಸದ್ದು. ಒಳ್ಳೆಯ ರಬ್ಬರ್ ಬ್ಲಾಕ್ ಹಾಕಿದ ವಿ-ಬ್ರೇಕ್ ನಿಮ್ಮ ಊರಿನ ಹವೆಗೆ ಚೆನ್ನಾಗಿ ನಿಲ್ಲುತ್ತದೆ, ಕೆಟ್ಟರೆ ಬೀದಿಯ ಸೈಕಲ್ ಶಾಪಿನವನೂ ಸರಿ ಮಾಡುತ್ತಾನೆ. ತೀರ್ಥಹಳ್ಳಿ, ಆಗುಂಬೆ ಕಡೆಯವರಾಗಿದ್ದರೆ ಬೇರೆ ಮಾತು. ಅಲ್ಲಿನ ಮಳೆ ಮತ್ತು ಕೆಸರಿಗೆ ರಿಮ್ ತಿಂದುಹೋಗುತ್ತದೆ. ಅವರಿಗೆ ಎಣ್ಣೆಯ ಡಿಸ್ಕ್ ಬ್ರೇಕನ್ನೇ ಹೇಳುತ್ತೇನೆ, ವೈರಿನದಲ್ಲ.

ಈಗ ಆ ಐದು ಸಾವಿರ ಎಲ್ಲಿ ಹೋಯಿತು ನೋಡೋಣ. ಬಹುಪಾಲು ಹಿಂದಿನ ಚಕ್ರದಲ್ಲಿದೆ.

ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನು ಕೂರಿಸುವ ವಿಧಾನ ಎರಡು. ಹಳೆಯದು ಫ್ರೀವ್ಹೀಲ್. ಇಡೀ ಗೊಂಚಲು ಹಬ್ಬಿನ ಹೊರಗೆ ಬಾಟಲಿ ಮುಚ್ಚಳದ ಹಾಗೆ ತಿರುಪಿ ಕೂರುತ್ತದೆ. ಹಬ್ಬಿನ ಬೇರಿಂಗ್ ಇರುವುದು ಅದಕ್ಕಿಂತ ಒಳಗೆ. ಅಂದರೆ ಗೊಂಚಲಿನ ಅಗಲದಷ್ಟು ಉದ್ದಕ್ಕೆ ಆಕ್ಸಲ್ (ಚಕ್ರದ ಅಚ್ಚು) ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ಹಿಂದಿನ ಚಕ್ರದ ಮೇಲೆ ನಿಮ್ಮ ತೂಕದ ದೊಡ್ಡ ಪಾಲು. ಮೇಲಿಂದ ಗುಂಡಿ. ಆಕ್ಸಲ್ ಬಾಗುತ್ತದೆ. ಇನ್ನೊಂದು ವಿಧಾನ ಕ್ಯಾಸೆಟ್. ಅದರಲ್ಲಿ ಬಲಗಡೆಯ ಬೇರಿಂಗನ್ನು ಫ್ರೇಮಿನ ಹತ್ತಿರಕ್ಕೆ, ಗೊಂಚಲಿನ ಹೊರತುದಿಗೆ ತಂದಿರುತ್ತಾರೆ. ಚಾಚಿಕೊಂಡ ಭಾಗವೇ ಇಲ್ಲದ ಮೇಲೆ ಬಾಗುವುದೇನು?

ಬಾಗಿದ್ದು ಸವಾರನಿಗೆ ತಕ್ಷಣ ಗೊತ್ತಾಗುವುದಿಲ್ಲ. ಮೊದಲು ಕರಕರ ಸದ್ದು. ಚಕ್ರ ಮೇಲೆತ್ತಿ ನಿಧಾನಕ್ಕೆ ತಿರುಗಿಸಿದರೆ ಅರ್ಧ ಸುತ್ತು ಬಿಗಿ, ಅರ್ಧ ಸುತ್ತು ಸಡಿಲ. ಅಂಗಡಿಯವನು ಬೇರಿಂಗನ್ನು ಒತ್ತಿ ಹಿಡಿಯುವ ಕೋನು ಬಿಗಿ ಮಾಡಿ ಕಳಿಸುತ್ತಾನೆ, ವಾರಕ್ಕೆ ಮತ್ತೆ ಅದೇ ಕಥೆ. ಬಿಚ್ಚಿದ ಆಕ್ಸಲ್ಲನ್ನು ಒಂದು ಗಾಜಿನ ಮೇಲೆ ಉರುಳಿಸಿ ನೋಡಿ. ನೆಟ್ಟಗಿದ್ದರೆ ಸರಾಗ ಉರುಳುತ್ತದೆ. ಬಾಗಿದ್ದರೆ ಕುಣಿದು ಕುಣಿದು ಹೋಗುತ್ತದೆ, ಅಡಿಯಲ್ಲಿ ಬೆಳಕಿನ ಸಂದು ಕಾಣುತ್ತದೆ. ನನ್ನ ವರ್ಕ್‌ಶಾಪಿನಲ್ಲಿ ಹೀಗೆ ಬಾಗಿದ ಆಕ್ಸಲ್‌ಗಳ ಒಂದು ಡಬ್ಬವೇ ಇದೆ. ಬಹುತೇಕ ಎಲ್ಲವೂ 80 ಕೆಜಿ ದಾಟಿದವರ ಸೈಕಲ್ಲಿನವು.

ಅಂಗಡಿಯಲ್ಲಿ ಗುರುತಿಸುವುದು ಕಷ್ಟವಲ್ಲ. ಬಲಗಡೆ ಕುಕ್ಕರಗಾಲಲ್ಲಿ ಕೂತು ಅತಿ ಚಿಕ್ಕ ಹಲ್ಲುಚಕ್ರದ ನಡುಭಾಗ ನೋಡಿ. ಅಲ್ಲಿ ಟೂಲ್ ಹಾಕುವ ಗೀರುಗಳಿರುವ ಉಂಗುರ ಇರುತ್ತದೆ. ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ. ಗೊಂಚಲಿನ ಜೊತೆ ಆ ಉಂಗುರವೂ ತಿರುಗಿದರೆ ಕ್ಯಾಸೆಟ್. ಗೊಂಚಲು ತಿರುಗಿ ಉಂಗುರ ನಿಂತೇ ಇದ್ದರೆ ಫ್ರೀವ್ಹೀಲ್. ಚಿಕ್ಕ ಚಕ್ರದ ಹಲ್ಲು ಎಣಿಸಿದರೂ ಅಂದಾಜು ಸಿಗುತ್ತದೆ: 14 ಇದ್ದರೆ ಅನುಮಾನ ಪಡಿ, 11 ಅಥವಾ 12 ಇದ್ದರೆ ಬಹುಮಟ್ಟಿಗೆ ಕ್ಯಾಸೆಟ್. ‘8 ಗೇರು ಅಂದಮೇಲೆ ಕ್ಯಾಸೆಟ್ಟೇ ಸಾರ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 8 ಗೇರಿನ ಫ್ರೀವ್ಹೀಲೂ ಮಾರುಕಟ್ಟೆಯಲ್ಲಿದೆ. ಅದರಲ್ಲಿ ಆಕ್ಸಲ್ ಇನ್ನೂ ಉದ್ದ ಚಾಚಿರುತ್ತದೆ, ಹಾಗಾಗಿ ಇನ್ನೂ ಕೆಟ್ಟದ್ದು.

ಎರಡನೆಯ ಸೈಕಲ್ಲಿನಲ್ಲಿ ಕ್ಯಾಸೆಟ್ ಇದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಇಲ್ಲದಿದ್ದರೆ ಎರಡೂ ಬೇಡ. ಇನ್ನೆರಡು ತಿಂಗಳು ದುಡ್ಡು ಕೂಡಿಸಿ, ಅಷ್ಟು ದಿನ ನಡೆಯಿರಿ. ಶುಗರಿಗೆ ನಡಿಗೆಯೂ ಆಗುತ್ತದೆ. ತಗೊಂಡ ಮೇಲೆ ಮೊದಲ ತಿಂಗಳೊಳಗೆ ಹಿಂದಿನ ಚಕ್ರದ ಕಡ್ಡಿಗಳನ್ನು ಒಮ್ಮೆ ಬಿಗಿ ಮಾಡಿಸಿ. ಹೊಸ ಕಡ್ಡಿ ಒಗ್ಗಿಕೊಳ್ಳುವಾಗ ಸಡಿಲವಾಗುತ್ತದೆ. ನಿಮ್ಮ ತೂಕದವರು ಇದನ್ನು ಬಿಟ್ಟರೆ ಕಡ್ಡಿ ಮುರಿಯುವುದು ಗ್ಯಾರಂಟಿ.

ಕಂಪನಿ ಹೆಸರು ಕೇಳದೆ ನೀವು ಬಿಡುವುದಿಲ್ಲ ಎಂದು ಗೊತ್ತು. ದೊಡ್ಡ ಕಂಪನಿಗಳು ಹೈಬ್ರಿಡ್ಡಿನಲ್ಲೇ ಎರಡು ಜಾತಿ ಇಟ್ಟಿವೆ. ಟ್ರೆಕ್‌ನ ಎಫ್‌ಎಕ್ಸ್, ಜೈಂಟ್‌ನ ಎಸ್ಕೇಪ್, ಸ್ಪೆಷಲೈಸ್ಡ್‌ನ ಸಿರಸ್ ಸಾದಾ ಫೋರ್ಕಿನ ಫಿಟ್‌ನೆಸ್ ಜಾತಿ. ಜೈಂಟ್‌ನ ರೋಮ್ ಸಸ್ಪೆನ್ಷನ್ ಜಾತಿ. ಟ್ರೆಕ್‌ನ ಡ್ಯುಯಲ್ ಸ್ಪೋರ್ಟ್ ಕೂಡ ಮೊದಲು ಸಸ್ಪೆನ್ಷನ್ನಿನದೇ. ಹೊಸ ಪೀಳಿಗೆಯಲ್ಲಿ ಕಂಪನಿಯವರೇ ಅದನ್ನು ಕಿತ್ತು ಸಾದಾ ಫೋರ್ಕ್ ಹಾಕಿ, ಟೈರು ದಪ್ಪ ಮಾಡಿದರು. ನಾನು ಹೇಳಿದ್ದಕ್ಕಿಂತ ಅವರು ಮಾಡಿದ್ದು ನಿಮಗೆ ಹೆಚ್ಚು ಒಪ್ಪಿಗೆಯಾಗಬಹುದು. ಒಂದೇ ಹೆಸರಿನಡಿ 1, 2, 3 ಎಂದು ಮೆಟ್ಟಿಲು ಇರುತ್ತವೆ. ಮೆಟ್ಟಿಲು ಏರಿದ ಹಾಗೆ ಹಬ್, ಬ್ರೇಕ್, ಫೋರ್ಕ್ ಸುಧಾರಿಸುತ್ತವೆ. ಟ್ರೆಕ್, ಸ್ಪೆಷಲೈಸ್ಡ್‌ನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಮೇಲು, ಜೈಂಟ್‌ನಲ್ಲಿ ಉಲ್ಟಾ. ಫಿಟ್‌ನೆಸ್ಸಿಗೆ ಎರಡನೆಯ ಮೆಟ್ಟಿಲು ಸಾಕು. ಟ್ರೆಕ್ ಎಫ್‌ಎಕ್ಸ್ 3ರ ಕಾರ್ಬನ್ ಫೋರ್ಕ್ ಚೆಂದ, ಆದರೆ ಬಿದ್ದಾಗ ಒಳಗೆ ಬಿರುಕು ಬಿಟ್ಟಿದ್ದು ಕಾಣುವುದಿಲ್ಲ. ನಾನು ಸ್ವಲ್ಪ ಹೆದರಿಕೆಯ ಮನುಷ್ಯ, ಹೊಸಬರಿಗೆ ಅದನ್ನು ಹೇಳುವುದಿಲ್ಲ.

ಇನ್ನೊಂದು ಪತ್ರ: ಹೈಬ್ರಿಡ್ ತಗೊಂಡು ಮೂರು ವಾರವಾಯಿತು. ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು ಎಂದು ಅಂಗಡಿಯವರು ಸೀಟು ಇಳಿಸಿಕೊಟ್ಟರು. ಈಗ ಮಂಡಿಯ ಮುಂಭಾಗ ನೋವು. ಪಾರ್ಕಿನಲ್ಲಿ ಒಬ್ಬರು ಎಣ್ಣೆ ಕೊಟ್ಟಿದ್ದಾರೆ, 40 ದಿನ ಹಚ್ಚಿ, ಸೈಕಲ್ ಬಿಡಿ ಎನ್ನುತ್ತಾರೆ. – ಮೈಸೂರು

ಎಣ್ಣೆಯನ್ನು ಅವರಿಗೇ ವಾಪಸ್ ಕೊಡಿ. ಸೀಟು ತಗ್ಗಿರುವುದಕ್ಕೆ ಮಂಡಿಗೆ ಎಣ್ಣೆ ಹಚ್ಚುವ ವೈದ್ಯ ಯಾವ ಶಾಸ್ತ್ರದಲ್ಲಿದೆ? ಎರಡೂ ಪಾದ ನೆಲಕ್ಕೆ ತಾಗುವಷ್ಟು ಸೀಟು ಇಳಿಸಿದರೆ ಪ್ರತಿ ಸುತ್ತಿಗೂ ಮಂಡಿ ಅತಿಯಾಗಿ ಮಡಚಿ, ಆ ಸ್ಥಿತಿಯಲ್ಲೇ ಭಾರ ತಳ್ಳಬೇಕು. ಮುಂಭಾಗದಲ್ಲಿ ನೋವು ಬರುವುದು ಅದಕ್ಕೇ.

ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಪೆಡಲ್ ಅತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟು ನೋಡಿ. ಕಾಲು ನೆಟ್ಟಗೆ ಚಾಚಿರಬೇಕು, ಸೊಂಟ ವಾಲಬಾರದು. ತುಳಿಯುವಾಗ ಪಾದದ ಮುಂಭಾಗ ಇಡುತ್ತೀರಿ, ಆಗ ಮಂಡಿಯಲ್ಲಿ ಸಣ್ಣ ಬಾಗು ತಾನಾಗೇ ಬರುತ್ತದೆ. ಒಂದೇ ದಿನ ಅಷ್ಟೂ ಏರಿಸಬೇಡಿ, ಅರ್ಧ ಸೆಂಟಿಮೀಟರ್‌ನಂತೆ ಏರಿಸಿ. ಅತಿಯಾಗಿ ಏರಿಸಿದರೆ ನೋವು ಮಂಡಿಯ ಹಿಂದಕ್ಕೆ ಹೋಗುತ್ತದೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದನ್ನು ಕಲಿಯಿರಿ. ಭಾರದ ಗೇರಿನಲ್ಲಿ ತಿಣುಕಬೇಡಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಮಂಡಿ ಊದಿದ್ದರೆ, ಮೂಳೆ ಡಾಕ್ಟರ ಹತ್ತಿರ ಹೋಗಿ. ನನಗೆ ಮತ್ತೆ ಬರೆಯಬೇಡಿ, ಅದು ನನ್ನ ಕೆಲಸವಲ್ಲ.

ನನ್ನ ಎತ್ತರಕ್ಕೆ ಎಂ ಮತ್ತು ಎಲ್ ಸೈಜಿನ ಫ್ರೇಮ್ ಎರಡೂ ಆಗುತ್ತದೆ ಎಂದು ಚಾರ್ಟ್ ಹೇಳುತ್ತದೆ. ಯಾವುದು? – ಹುಬ್ಬಳ್ಳಿ

ಎರಡರ ಮೇಲೂ ಕೂತು ನೋಡಿ. ಆಗದಿದ್ದರೆ ಎಂ. ಚಿಕ್ಕದರಲ್ಲಿ ಸೀಟು ಏರಿಸಬಹುದು, ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಉದ್ದದ್ದು ಹಾಕಬಹುದು. ದೊಡ್ಡ ಫ್ರೇಮನ್ನು ಕುಗ್ಗಿಸುವ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ. ಓಡಿಸಿ ನೋಡಲು ಬಿಡದ ಅಂಗಡಿಯಿಂದ ಎದ್ದು ಬನ್ನಿ.

ಬೀದಿಯ ಪಂಕ್ಚರ್ ಅಂಗಡಿಯಲ್ಲಿ ನನ್ನ ಹೊಸ ಸೈಕಲ್ಲಿಗೆ ಗಾಳಿ ಹಿಡಿಯುತ್ತಿಲ್ಲ. ವಾಲ್ವ್ ಡಿಫೆಕ್ಟಾ? – ತುಮಕೂರು

ಡಿಫೆಕ್ಟ್ ಏನೂ ಇಲ್ಲ. ಸಣ್ಣ ಕಡ್ಡಿಯಂಥ ಪ್ರೆಸ್ಟಾ ವಾಲ್ವ್ ಅದು. ತುದಿಯ ಪುಟ್ಟ ತಿರುಪು ಸಡಿಲಿಸಿ, ಹಿತ್ತಾಳೆಯ ಅಡಾಪ್ಟರ್ ಹಾಕಿ, ಬೈಕಿಗೆ ಹೊಡೆಸಿದ ಹಾಗೆ ಹೊಡೆಸಿ. ಅಡಾಪ್ಟರ್ ಒಂದೆರಡು ಜಾಸ್ತಿಯೇ ಇಟ್ಟುಕೊಳ್ಳಿ, ಕಳೆದುಹೋಗುತ್ತದೆ. ಕಂಪ್ರೆಸರ್‌ನಲ್ಲಿ ಕಣ್ಣಳತೆಯಿಂದ ತುಂಬಿಸಬೇಡಿ. ಮೀಟರ್ ಇರುವ ಪಂಪು ಮನೆಯಲ್ಲೇ ಇರಲಿ.

ಹೈಬ್ರಿಡ್‌ನಲ್ಲಿ ನಂದಿ ಬೆಟ್ಟ ಹತ್ತಬಹುದಾ? – ಯಲಹಂಕ

ಹತ್ತಬಹುದು. ಮುಂದಿನ ಚಿಕ್ಕ ಚಕ್ರದ ಹಲ್ಲು ಹಿಂದಿನ ದೊಡ್ಡ ಚಕ್ರದ ಹಲ್ಲಿಗಿಂತ ಕಡಿಮೆ ಇರಲಿ, ಉದಾಹರಣೆಗೆ 30ಕ್ಕೆ 34. ನನ್ನ ಚಿಂತೆ ಹತ್ತುವುದರ ಬಗ್ಗೆ ಇಲ್ಲ, ಇಳಿಯುವುದರ ಬಗ್ಗೆ. ಭಾನುವಾರ ಬೆಳಿಗ್ಗೆ ಆ ತಿರುವುಗಳಲ್ಲಿ ಕಾರು, ಬೈಕು ಎದುರಿಂದ ಹೇಗೆ ಬರುತ್ತವೆ ನಿಮಗೇ ಗೊತ್ತು. ಬ್ರೇಕ್ ಒಂದೇ ಸಮ ಹಿಡಿದೇ ಇಳಿಯಬೇಡಿ, ಬಿಸಿಯಾಗುತ್ತದೆ. ತಿರುವಿಗೆ ಮೊದಲೇ ಜೋರಾಗಿ ಹಿಡಿದು, ಆಮೇಲೆ ಬಿಡಿ. ಹೊಸ ಸೈಕಲ್ಲಿನ ಮೊದಲ ತಿಂಗಳು ಅತ್ತ ತಲೆ ಹಾಕಲೇಬೇಡಿ.

ಚೈನಿಗೆ ಕೊಬ್ಬರಿ ಎಣ್ಣೆ ಹಾಕಬಹುದಾ? ದೋಸೆಗೆ ಹಾಕಿ.

ಕೂರುವ ಜಾಗ ನೋಯುತ್ತದೆ. ಜೆಲ್ ಸೀಟ್ ಕವರ್ ತಗೊಳ್ಳಲಾ? ಬೇಡ. ಹದಿನೈದು ದಿನ ತಡೆಯಿರಿ, ಪ್ಯಾಡ್ ಇರುವ ಚಡ್ಡಿ ಹಾಕಿ.

‘ಸೈಕಲ್ ಹೊಡೆದರೆ ಗಂಡಸುತನ ಹೋಗುತ್ತದಂತೆ, ವಿಡಿಯೊದಲ್ಲಿ ನೋಡಿದೆ.’ ಆ ವಿಡಿಯೊದ ಕೊನೆಯಲ್ಲಿ ಅವನು ಏನು ಮಾರುತ್ತಿದ್ದ, ಅದನ್ನೂ ನೋಡಿ. ಸವಾರಿಯಲ್ಲಿ ಮರಗಟ್ಟಿದರೆ ಸೀಟಿನ ಮೂತಿ ಸ್ವಲ್ಪ ತಗ್ಗಿಸಿ, ಆಗಾಗ ಎದ್ದು ನಿಂತು ತುಳಿಯಿರಿ. ಆದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

‘ಬೆಲೆ ಇಳಿಯಲಿ ಎಂದು ಕಾಯುತ್ತಿದ್ದೇನೆ.’ 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಇನ್ನೆಷ್ಟು ಕಾಯುತ್ತೀರಿ? ಬಿಲ್ಲಿನಲ್ಲಿ 5 ಎಂದೇ ಇದೆಯೇ ನೋಡಿಕೊಂಡು ತಗೊಳ್ಳಿ.

ಹಳೇ ಹೈಬ್ರಿಡ್ಡಿಗೆ ಮೋಟಾರ್ ಕಿಟ್ ಹಾಕಿಕೊಡುತ್ತೀರಾ? ಇಲ್ಲ. ಆ ಬ್ರೇಕು, ಆ ಆಕ್ಸಲ್ಲು ಆ ವೇಗಕ್ಕೆ ಮಾಡಿದ್ದಲ್ಲ.