ಎಫ್‌ಎಆರ್ ಇದ್ದಷ್ಟೂ ಕಟ್ಟಬಹುದೇ? ಯೋಜಿತ ವಾಣಿಜ್ಯ ಸಂಕೀರ್ಣದ ವಲಯ ನಿಯಮಗಳು

ನಿಮ್ಮ ಜಾಗ 10,000 ಚದರ ಮೀಟರ್, ಎಫ್‌ಎಆರ್ (ಎಲ್ಲ ಅಂತಸ್ತು ಸೇರಿ ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) 1.5. ಅಂಗಡಿ, ಕಚೇರಿ, ಸಿನಿಮಾ ಮಂದಿರ ಸೇರಿಸಿ 15,000 ಚದರ ಮೀಟರ್ ಪೂರ್ತಿ ಕಟ್ಟಬಹುದೇ, ‘ಯೋಜಿತ ವಾಣಿಜ್ಯ ಅಭಿವೃದ್ಧಿ’ (ಇಡೀ ಜಾಗಕ್ಕೆ ಒಟ್ಟಾಗಿ ಒಂದೇ ನಕ್ಷೆ ಮಂಜೂರು ಮಾಡಿಸುವ ವಿಧಾನ) ಎಂದು ಅರ್ಜಿ ಹಾಕಿದರೆ ಲಾಭವೇನು ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ: ನೆಲಮಾಳಿಗೆ ತೋಡದಿದ್ದರೆ ಆಗುವುದಿಲ್ಲ. ಎಫ್‌ಎಆರ್ ಗರಿಷ್ಠ ಮಿತಿ ಮಾತ್ರ. ಎಷ್ಟು ಕಟ್ಟಬಹುದು ಎಂಬುದನ್ನು ನಿಜವಾಗಿ ತೀರ್ಮಾನಿಸುವುದು ಪಾರ್ಕಿಂಗ್.

ಲೆಕ್ಕ ಹಾಕಿ ನೋಡಿ. ಅಂಕಿಗಳು ಊರಿಂದ ಊರಿಗೆ ಬದಲಾಗುತ್ತವೆ, ಲೆಕ್ಕದ ದಾರಿ ಮಾತ್ರ ಒಂದೇ. ಕಟ್ಟಡಕ್ಕೆ ನೆಲದ ಶೇ. 40, ಹಸಿರಿಗೆ ಶೇ. 15 ಎಂದಿಟ್ಟುಕೊಳ್ಳಿ. ಉಳಿಯುವುದು 4,500 ಚದರ ಮೀಟರ್. ಅಗ್ನಿಶಾಮಕ ವಾಹನದ ದಾರಿ, ಸರಕು ಇಳಿಸುವ ಜಾಗಕ್ಕೆ 1,000 ಹೋದರೆ 3,500. ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಸಾಕು ಅನ್ನಿಸಬಹುದು. ಆದರೆ ಹಿಂದೆ ಮುಂದೆ ಓಡಾಡುವ 6 ಮೀಟರ್ ದಾರಿ, ತಿರುವು ಎಲ್ಲ ಸೇರಿದರೆ ಕಾರೊಂದಕ್ಕೆ 25 ಚದರ ಮೀಟರ್ ಬೇಕೇ ಬೇಕು. ಅಲ್ಲಿಗೆ 140 ಕಾರು. 50 ಚದರ ಮೀಟರ್‌ಗೆ ಒಂದು ಕಾರು ಎಂಬ ನಿಯಮವಿದ್ದರೆ 15,000ಕ್ಕೆ ಬೇಕಾದದ್ದು 300. ಅಂದರೆ ನೆಲದ ಮೇಲಿನ ಪಾರ್ಕಿಂಗನ್ನೇ ನಂಬಿದರೆ ನೀವು ಕಟ್ಟಬಹುದಾದದ್ದು 7,000 ಚದರ ಮೀಟರ್, ಎಫ್‌ಎಆರ್ ಲೆಕ್ಕದಲ್ಲಿ ಬರೀ 0.7.

ಕೊರತೆಯ 160 ಕಾರುಗಳನ್ನು ನೆಲಮಾಳಿಗೆಗೆ ಇಳಿಸಿದರೆ ಅಲ್ಲಿ ಕಂಬ, ರ‍್ಯಾಂಪ್ ಸೇರಿ ಕಾರೊಂದಕ್ಕೆ 30ರಿಂದ 35 ಚದರ ಮೀಟರ್ ಹೋಗುತ್ತದೆ. ಒಟ್ಟು 4,800ರಿಂದ 5,600. ಕಟ್ಟಡದ ತಳವೇ 4,000 ಇರುವುದರಿಂದ ಒಂದು ಅಂತಸ್ತು ಸಾಲದು. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಗಡಿಯವರೆಗೆ ಖಾಲಿ ಬಿಡಬೇಕಾದ ಜಾಗ) ಅಡಿಯಲ್ಲಿ ನೆಲಮಾಳಿಗೆ ಚಾಚಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿ. ಇನ್ನೊಂದು, 3.5 ಮೀಟರ್ ಕೆಳಗಿಳಿಯಲು 1:8 ಇಳಿಜಾರಿನಲ್ಲಿ 28 ಮೀಟರ್, 1:10ರಲ್ಲಿ 35 ಮೀಟರ್ ಉದ್ದದ ರ‍್ಯಾಂಪ್ ಬೇಕು. ಮೊದಲ ಕರಡು ನಕ್ಷೆಗಳಲ್ಲಿ ಇದು ಸಾಮಾನ್ಯವಾಗಿ ತಪ್ಪಿಹೋಗಿರುತ್ತದೆ.

ಯೋಜಿತ ಅಭಿವೃದ್ಧಿಯ ಅರ್ಜಿ ನೆರವಿಗೆ ಬರುವುದು ಇಲ್ಲೇ. ಮಾಮೂಲಿ ವಾಣಿಜ್ಯ ವಲಯದಲ್ಲಿ ಒಂದೊಂದು ಬಳಕೆಗೂ ಪಾರ್ಕಿಂಗ್ ಬೇರೆ ಬೇರೆ ಎಣಿಸಿ ಕೂಡಿಸುತ್ತಾರೆ. ಯೋಜಿತ ಅಭಿವೃದ್ಧಿಯಲ್ಲಿ ಇಡೀ ಜಾಗವನ್ನು ಒಂದೇ ಎಂದು ನೋಡುವುದರಿಂದ ಹಂಚಿಕೆಯ ಪಾರ್ಕಿಂಗ್ ಕೇಳಲು ಅವಕಾಶವಿರುತ್ತದೆ. ಉದಾಹರಣೆಗೆ, ಕಚೇರಿಗೆ ಬೆಳಿಗ್ಗೆ 11ಕ್ಕೆ 120 ಕಾರು, ರಾತ್ರಿ 8ಕ್ಕೆ 20 ಎಂದಿಟ್ಟುಕೊಳ್ಳಿ. ಸಿನಿಮಾ ಮಂದಿರಕ್ಕೆ ಬೆಳಿಗ್ಗೆ 30, ರಾತ್ರಿ 110. ಎರಡರ ಗರಿಷ್ಠ ಕೂಡಿಸಿದರೆ 230. ಗಂಟೆವಾರು ಕೂಡಿಸಿದರೆ ಅತಿ ಹೆಚ್ಚಿನದು 150. ಈ ಗಂಟೆವಾರು ಪಟ್ಟಿಯನ್ನು ವಾರದ ದಿನಕ್ಕೂ ರಜಾದಿನಕ್ಕೂ ಬೇರೆಯಾಗಿ ಮಾಡಿ ಅರ್ಜಿಯ ಜೊತೆಗೇ ಕೊಡಿ. ಕಚೇರಿ ಕಾರುಗಳ ಜಾಗಕ್ಕೆ ‘ಕಾಯ್ದಿರಿಸಲಾಗಿದೆ’ ಎಂದು ಫಲಕ ಹಾಕಿದರೆ ಹಂಚಿಕೆಯ ಲೆಕ್ಕ ಅಲ್ಲಿಗೇ ಮುರಿದುಬೀಳುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮಂಜೂರಾದ ನಕ್ಷೆ ಮತ್ತು ಷರತ್ತುಗಳೇ ಆ ಜಾಗದ ನಿಯಮವಾಗುತ್ತವೆ, ಜಾಗ ಮಾರಿದರೆ ಕೊಂಡವರನ್ನೂ ಕಟ್ಟಿಹಾಕುತ್ತವೆ. ಬಳಕೆಗಳ ಪಟ್ಟಿಯಲ್ಲಿ ‘ಅಂಗಡಿಗಳು’ ಎಂದಷ್ಟೇ ಬರೆಸಿದ್ದರೆ ಮುಂದೆ ಕ್ಲಿನಿಕ್ಕಿಗೋ ವ್ಯಾಯಾಮಶಾಲೆಗೋ ಬಾಡಿಗೆ ಕೊಡುವಾಗ ತಕರಾರು ಏಳುತ್ತದೆ. ಬರಬಹುದಾದ ಬಳಕೆಗಳನ್ನೆಲ್ಲ ಹೆಸರಿಟ್ಟು ಸೇರಿಸಿ. ಪ್ರವೇಶದ್ವಾರ ತುಸು ಸರಿಸುವಂಥ ಸಣ್ಣ ಬದಲಾವಣೆ ಅಧಿಕಾರಿಗಳ ಮಟ್ಟದಲ್ಲೇ ಮುಗಿಯುತ್ತದೆ. ವಿಸ್ತೀರ್ಣ, ಎತ್ತರ, ಬಳಕೆ ಬದಲಾದರೆ ಮತ್ತೆ ನೋಟಿಸು, ಮತ್ತೆ ಸಾರ್ವಜನಿಕ ವಿಚಾರಣೆ. ಸಣ್ಣದು ಯಾವುದು, ದೊಡ್ಡದು ಯಾವುದು ಎಂಬ ಮಿತಿಯನ್ನು ಶೇಕಡಾವಾರು ಅಂಕಿಯಲ್ಲೇ ಷರತ್ತಿನಲ್ಲಿ ಬರೆಸಿಕೊಳ್ಳಿ.

ಪಕ್ಕದಲ್ಲಿ ಮನೆಗಳಿದ್ದರೆ ವಿಚಾರಣೆಯಲ್ಲಿ ಜನ ಕೇಳುವುದು ಕಟ್ಟಡದ ಅಂದವನ್ನಲ್ಲ. ಲಾರಿ ಎಲ್ಲಿ ನಿಲ್ಲುತ್ತದೆ, ಕಸ ಎಲ್ಲಿ ಇಡುತ್ತೀರಿ, ಜನರೇಟರ್ ಯಾವ ಕಡೆ, ದೀಪ ನಮ್ಮ ಕಿಟಕಿಗೆ ಬೀಳುತ್ತದೆಯೇ ಎಂದು. ಅವರು ಕೇಳುವುದು ನ್ಯಾಯವೇ. ಈ ನಾಲ್ಕನ್ನೂ ಮನೆಗಳ ಬದಿಯಿಂದ ದೂರಕ್ಕೆ ಸರಿಸಿ, ಲಾರಿ ತಿರುಗುವ ಜಾಡನ್ನು ನಕ್ಷೆಯ ಮೇಲೇ ಎಳೆದು ತೋರಿಸಿ.

ಹಂತ ಹಂತವಾಗಿ ಕಟ್ಟುವುದಾದರೆ ಒಳರಸ್ತೆ, ಚರಂಡಿ, ಮಳೆನೀರಿನ ಗುಂಡಿ ಮೊದಲ ಹಂತದಲ್ಲೇ ಬರಲಿ. ರಸ್ತೆಗೆ ತಾಗಿದ ತುಂಡು ಜಾಗವನ್ನು ಮುಂಚೆಯೇ ಮಾರುವುದಿದ್ದರೆ ದಾರಿಯ ಹಕ್ಕು, ಪಾರ್ಕಿಂಗ್ ಹಂಚಿಕೆ, ನಿರ್ವಹಣೆ ವೆಚ್ಚದ ಪಾಲು ಮೂರನ್ನೂ ನೋಂದಾಯಿತ ಪತ್ರದಲ್ಲಿ ಬರೆಸಿ ಆಮೇಲೆ ಮಾರಿ. ಇಲ್ಲವಾದರೆ ಕೊಂಡವರು ಬೇಲಿ ಹಾಕಿದ ದಿನ ಹಿಂದಿನ ಕಟ್ಟಡಕ್ಕೆ ದಾರಿಯೇ ಇರುವುದಿಲ್ಲ.

ಜಾಗಕ್ಕೆ ಮುಂಗಡ ಕೊಡುವ ಮುನ್ನವೇ ನಗರ ಯೋಜನಾ ಕಚೇರಿಯಲ್ಲಿ ಪೂರ್ವಭಾವಿ ಭೇಟಿ ಮಾಡಿ, ಮೇಲಿನ ಪಾರ್ಕಿಂಗ್ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಒಯ್ಯಿರಿ. ಮಂಜೂರಾತಿಯ ಅವಧಿ ಎಷ್ಟು, ಅದು ಮುಗಿಯುವ ಮುನ್ನ ಯಾವ ಕೆಲಸ ಶುರುವಾಗಿರಬೇಕು, ಬರೀ ನೆಲ ಅಗೆದರೆ ಸಾಕೇ, ಅಡಿಪಾಯ ಬೇಕೇ ಎಂಬುದಕ್ಕೆ ಲಿಖಿತ ಉತ್ತರವನ್ನೇ ಕೇಳಿ.