ಬಿಲ್ ಕಟ್ಟಿದರೆ ಮನೆಗೆ ಕಳಿಸುತ್ತಾರೆ ಎಂದು ಕಾದವರು

ವಯಸ್ಸಾದ ತಾಯಿಯನ್ನೋ ತಂದೆಯನ್ನೋ ಹಿರಿಯರ ಆರೈಕೆ ಕೇಂದ್ರಕ್ಕೆ ಸೇರಿಸುವಾಗ ‘ನರ್ಸಿಂಗ್ ಹೋಮ್‌ಗೆ ಹೋಗಿ ಬರೋಣ’ ಎಂದು ಹೇಳಿ ಕರೆದೊಯ್ಯುವುದನ್ನು ಆಪ್ತಸಲಹೆಗೆಂದು ನನ್ನ ಬಳಿಗೆ ಬರುವ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದೇನೆ. ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಹರ್ನಿಯಾಕ್ಕೋ ದಾಖಲಾಗಿ, ಗುಣವಾದ ಮೇಲೆ ಬಿಲ್ ಕಟ್ಟಿ ಮನೆಗೆ ಮರಳುವ ಸಣ್ಣ ಖಾಸಗಿ ಆಸ್ಪತ್ರೆ. ಹೋದವರು ಅಲ್ಲಿಯೇ ಉಳಿಯುವ ಜಾಗಕ್ಕೂ ಆ ಹೆಸರುಂಟು ಎಂಬುದು ಹಿರಿಯರಿಗೆ ತಿಳಿದಿರುವುದಿಲ್ಲ. ಆ ಒಂದು ಮಾತಿನಿಂದ ಒಬ್ಬ ತಾಯಿ ಅನುಭವಿಸಿದ ಸಂಕಟ ನನ್ನನ್ನು ಬಹಳ ದಿನ ಕಾಡಿದ್ದರಿಂದ, ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಾಯಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಂದವರು ಸೊಸೆ. ನಿದ್ರೆ ಬರುತ್ತಿಲ್ಲ, ಕಚೇರಿಯಲ್ಲಿ ಕಾರಣವಿಲ್ಲದೆ ಅಳು ಬರುತ್ತದೆ ಎಂಬುದು ಅವರ ದೂರು. ಅತ್ತೆಗೆ 79 ವರ್ಷ. ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದವರು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾದ ಮೇಲೆ ಬೆಂಗಳೂರಿನ ಮಗನ ಮನೆಗೆ ಬಂದರು. ಐದು ತಿಂಗಳ ನಂತರ ಆರೈಕೆ ಕೇಂದ್ರಕ್ಕೆ ಹೋದರು.

ಈ ಐದು ತಿಂಗಳನ್ನು ವಿವರಿಸದಿದ್ದರೆ ಓದುಗರು ಸೊಸೆಯ ಬಗ್ಗೆ ಬೇಗ ತೀರ್ಪು ಕೊಟ್ಟುಬಿಡಬಹುದು. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದ ಅನೇಕರಿಗೆ ಮೊದಲಿನ ನಡಿಗೆ ಮರಳುವುದಿಲ್ಲ. ಈ ತಾಯಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು, ಆದರೆ ಮಂಚದಿಂದ ಏಳಲು ಒಬ್ಬರ ಕೈ ಬೇಕಿತ್ತು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಮಗನ ಕೈ ಹಿಡಿದು ಬಚ್ಚಲಿಗೆ ಹೋಗಲು ಅವರಿಗೆ ಸಂಕೋಚ; ಹಾಗಾಗಿ ನಾಲ್ಕೂ ಸಲ ಸೊಸೆಯೇ ಏಳಬೇಕು. ಏಜೆನ್ಸಿಯಿಂದ ಬಂದ ಮೂವರು ಆಯಾಗಳು ಒಬ್ಬರ ಹಿಂದೆ ಒಬ್ಬರು ಹೇಳದೆ ಕೇಳದೆ ಬಿಟ್ಟುಹೋದರು. ಮಗಳ ಮನೆಯಲ್ಲಿ ಹೋಗಿ ಇರುವುದಕ್ಕೆ ತಾಯಿ ತಾವೇ ಒಪ್ಪಲಿಲ್ಲ. ಹಿರಿಯರು ಮನೆ ಬಿಡುವುದಕ್ಕೆ ಮಕ್ಕಳಿಗೆ ಪ್ರೀತಿ ಕಡಿಮೆಯಾದದ್ದೇ ಕಾರಣ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನು ಕಂಡ ಮನೆಗಳಲ್ಲಿ ಬಹುಪಾಲು ಹಗಲು ಹೇಗೋ ನಡೆಯುತ್ತದೆ, ಸೋಲುವುದು ರಾತ್ರಿಯಲ್ಲಿ. ತಿಂಗಳುಗಟ್ಟಲೆ ಎರಡು ಗಂಟೆಗಿಂತ ಹೆಚ್ಚು ಒಟ್ಟಿಗೆ ನಿದ್ರೆ ಮಾಡದ ಒಬ್ಬ ಹೆಂಗಸಿನ ಮೇಲೆ ಇಡೀ ಮನೆಯ ಧರ್ಮವನ್ನು ಹೊರಿಸುವುದು ನ್ಯಾಯವಲ್ಲ ಎಂದು ನಾನು ನಂಬುತ್ತೇನೆ.

ಸೇರಿಸಿದ್ದು ತಪ್ಪಲ್ಲ. ಆದರೆ ‘ಫಿಸಿಯೋಥೆರಪಿಗೆ ಒಂದು ತಿಂಗಳು ನರ್ಸಿಂಗ್ ಹೋಮ್‌ನಲ್ಲಿ ಇರಬೇಕಮ್ಮ’ ಎಂದು ಮಗ ಹೇಳಿದ್ದರು. ಸೋದರಮಾವ ಒಬ್ಬರು, ತಂದೆತಾಯಿಯನ್ನು ಬಿಟ್ಟುಬಿಡುವವರಿಗೆ ಜೈಲಾಗುವ ಕಾನೂನಿದೆ ಎಂದು ಮೊದಲೇ ಎಚ್ಚರಿಸಿದ್ದರಂತೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಲ್ಲಿ ಅಂಥ ಶಿಕ್ಷೆ ಇರುವುದು ನಿಜ. ಅದು ಸಂಪೂರ್ಣವಾಗಿ ತೊರೆಯುವ ಉದ್ದೇಶದಿಂದ ಹಿರಿಯರನ್ನು ಎಲ್ಲೋ ಬಿಟ್ಟು ಹೋಗುವವರಿಗೆ; ಹಣ ಕಟ್ಟಿ, ವಾರವಾರ ಹೋಗಿ ನೋಡಿಕೊಳ್ಳುವ ಮಗನಿಗಲ್ಲ. ನೆಂಟರ ಬಾಯಿಗೆ ಹೆದರಿ ಆಡಿದ ಸುಳ್ಳು ತಾಯಿಗೂ ಮುಟ್ಟಿತು.

ಎರಡು ತಿಂಗಳಾದ ಮೇಲೆ ಕೇಂದ್ರದವರು, ಅಮ್ಮ ಊಟ ಬಿಡುತ್ತಿದ್ದಾರೆ, ತೂಕ ಇಳಿಯುತ್ತಿದೆ ಎಂದು ತಿಳಿಸಿದರು. ಮರೆವಿನ ಕಾಯಿಲೆಯೋ ಖಿನ್ನತೆಯೋ ಎಂದು ವೈದ್ಯರು ಪರೀಕ್ಷಿಸಿದರು. ನೆನಪಿನ ಶಕ್ತಿಯಲ್ಲಿ ಕೊರತೆ ಕಾಣಲಿಲ್ಲ. ಆಗ ಸೊಸೆ, ‘ನೀವೊಮ್ಮೆ ಅತ್ತೆಯ ಹತ್ತಿರ ಮಾತಾಡಿ ಮೇಡಂ’ ಎಂದು ಕೇಳಿಕೊಂಡರು.

ನಾನು ಹೋದಾಗ ಸಂಜೆ ನಾಲ್ಕೂವರೆ. ಎಲ್ಲರಿಗೂ ಕಾಫಿ ಬಂತು. ಈ ತಾಯಿ ಲೋಟ ಮುಟ್ಟಲಿಲ್ಲ. ಜೊತೆಗೆ ಬಂದ ಬಿಸ್ಕತ್ತನ್ನೂ ತಟ್ಟೆಯಲ್ಲೇ ಬಿಟ್ಟು, ಹುಡುಗಿಗೆ ‘ವಾಪಸ್ ತಗೊಂಡು ಹೋಗಮ್ಮ, ಮುಟ್ಟಿಲ್ಲ, ಬರ್ಕೋಬೇಡ’ ಎಂದರು. ಬರೆದುಕೊಳ್ಳಬೇಡ ಎಂಬ ಮಾತು ನನಗೆ ಅರ್ಥವಾಗಲಿಲ್ಲ. ಕಾಫಿ ಸೇರುವುದಿಲ್ಲವೇ ಅಮ್ಮ ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ, ದಿಂಬಿನ ಕೆಳಗಿನಿಂದ ಒಂದು ಕರವಸ್ತ್ರದ ಗಂಟು ತೆಗೆದು ನನ್ನ ಮಡಿಲಲ್ಲಿಟ್ಟರು. ಒಳಗೆ ಎರಡು ಚಿನ್ನದ ಬಳೆಗಳಿದ್ದವು.

‘ನೀವು ನಮ್ಮ ಹುಡುಗನ ಕಡೆಯವರಲ್ವಾ ತಾಯಿ? ಇದನ್ನ ಅವನಿಗೆ ಕೊಡಿ. ಕೈಯಲ್ಲಿ ದುಡ್ಡಿಲ್ಲ ಅಂತ ಕಾಣುತ್ತೆ, ಅದಕ್ಕೇ ಬಿಲ್ ಕಟ್ಟಿ ಬಿಡಿಸಿಕೊಂಡು ಹೋಗ್ತಿಲ್ಲ. ಕೇಳಿದ್ರೆ ನೊಂದ್ಕೋತಾನೆ. ನಾನೂ ಆದಷ್ಟು ಕಡಿಮೆ ತಿಂತಿದ್ದೀನಿ.’

ಇಷ್ಟು ವರ್ಷಗಳ ಕೆಲಸದಲ್ಲಿ ನನಗೆ ಉತ್ತರ ತೋಚದೆ ಕುಳಿತ ಸಂದರ್ಭಗಳು ಹೆಚ್ಚಿಲ್ಲ. ನಾವೆಲ್ಲ ಕಾಯಿಲೆ ಎಂದು ಹುಡುಕುತ್ತಿದ್ದುದು ಆ ತಾಯಿಯ ಲೆಕ್ಕಾಚಾರವಾಗಿತ್ತು. ನರ್ಸಿಂಗ್ ಹೋಮ್ ಎಂದು ಹೇಳಿದ್ದಾರೆ, ನರ್ಸಿಂಗ್ ಹೋಮ್‌ನಲ್ಲಿ ಬಿಲ್ ಬಾಕಿಯಿದ್ದರೆ ಬಿಡುವುದಿಲ್ಲ, ಮಗ ಬಾಕಿ ಉಳಿಸಿಕೊಂಡಿದ್ದಾನೆ: ಮಗ ಹೇಳಿದ್ದನ್ನು ನಂಬಿದವರಿಗೆ ಇದಕ್ಕಿಂತ ಸರಿಯಾದ ತರ್ಕ ಇನ್ನೊಂದಿರಲಿಲ್ಲ.

ಅಲ್ಲಿಯೇ ನಿಜ ಹೇಳಿಬಿಡಬಹುದಿತ್ತಲ್ಲ ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಕೇಳಿದರು. ಹೇಳಲಿಲ್ಲ, ಆ ನಿರ್ಧಾರವನ್ನು ಈಗಲೂ ಸಮರ್ಥಿಸಿಕೊಳ್ಳುತ್ತೇನೆ. ಮಗ ಆಡಿದ ಸುಳ್ಳನ್ನು ಪರಕೀಯಳೊಬ್ಬಳು ಬಯಲು ಮಾಡಿದರೆ ತಾಯಿಗೆ ಸತ್ಯವೇನೋ ತಿಳಿಯುತ್ತದೆ, ಆದರೆ ಮಗನ ಮುಖ ನೋಡಿ ಸಿಟ್ಟು ಮಾಡುವ, ಅಳುವ, ಪ್ರಶ್ನಿಸುವ ಅವಕಾಶ ತಪ್ಪಿಹೋಗುತ್ತದೆ. ನಾನು ಬಳೆಗಳನ್ನು ಅವರ ಕೈಗೇ ಹಿಂದಿರುಗಿಸಿ, ‘ದುಡ್ಡಿನ ತೊಂದರೆಯಿಂದ ನೀವು ಇಲ್ಲಿಲ್ಲ ಅಮ್ಮ. ಕಾಫಿಗೆ ಬೇರೆ ಲೆಕ್ಕವಿಲ್ಲ, ಕುಡಿಯಿರಿ. ಉಳಿದದ್ದನ್ನು ನಿಮ್ಮ ಮಗನೇ ಈ ವಾರದಲ್ಲಿ ಬಂದು ಹೇಳುತ್ತಾರೆ’ ಎಂದಷ್ಟೇ ಹೇಳಿದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಕಾಫಿ ಆರಿತ್ತು, ಬಿಸಿ ಮಾಡಿಸಿ ತಂದೆವು, ಪೂರ್ತಿ ಕುಡಿದರು.

ಮರುದಿನ ಮಗನಿಗೆ ಕೊಟ್ಟ ಸಲಹೆ ಇದು. ಫೋನಿನಲ್ಲಿ ಬೇಡ, ಹಗಲು ಹೊತ್ತಿನಲ್ಲಿ, ಗಡಿಬಿಡಿಯಿಲ್ಲದ ದಿನ ಹೋಗಿ, ಪಕ್ಕದಲ್ಲಿ ಕುಳಿತು, ಇದು ಆಸ್ಪತ್ರೆಯಲ್ಲ, ರಾತ್ರಿ ನಿಮ್ಮನ್ನು ನೋಡಿಕೊಳ್ಳಲು ನಮ್ಮಿಂದ ಆಗಲಿಲ್ಲ ಎಂದು ತಾವೇ ಹೇಳಬೇಕು. ಹೆಂಡತಿಯ ಹೆಸರನ್ನು ಮುಂದೆ ಮಾಡಬಾರದು. ಮುಂದೇನು ಎಂಬುದನ್ನು ತಾಯಿಯನ್ನೇ ಕೇಳಬೇಕು. ಅವರ ಕುಟುಂಬ ಪಿಂಚಣಿಯ ಪಾಸ್‌ಬುಕ್ ಮಗನ ಬಳಿ ಇತ್ತು. ಅದನ್ನು ತಾಯಿಯ ಕೈಗೆ ಕೊಡಬೇಕು. ಊರಿನ ಮನೆಯನ್ನು ತಮ್ಮ ಹೆಸರಿಗೆ ದಾನಪತ್ರ ಮಾಡಿಸಿಕೊಳ್ಳುವ ಯೋಚನೆಯೂ ಮಗನಿಗಿತ್ತು. ಈಗ ಅದರ ಮಾತೇ ಬೇಡವೆಂದು ಖಂಡಿತವಾಗಿ ಹೇಳಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಆ ಷರತ್ತು ಮುರಿದರೆ ದಾನಪತ್ರವನ್ನೇ ರದ್ದುಗೊಳಿಸುವ ಅವಕಾಶ ಅದೇ ಕಾಯ್ದೆಯ 23ನೇ ಕಲಮಿನಲ್ಲಿದೆ. ಆದರೆ ನಾನು ಹೇಳಿದ್ದು ಕಾನೂನಿನ ಭಯದಿಂದಲ್ಲ. ಈ ಹೊತ್ತಿನಲ್ಲಿ ಸಹಿ ಕೇಳಿದರೆ, ಮನೆಗಾಗಿಯೇ ನನ್ನನ್ನು ಇಲ್ಲಿ ಬಿಟ್ಟರು ಎಂದು ಯಾವ ತಾಯಿಗಾದರೂ ಅನ್ನಿಸುತ್ತದೆ.

ಮರೆವಿನ ಕಾಯಿಲೆ ಮುಂದುವರಿದವರ ವಿಷಯದಲ್ಲಿ ನಾನು ಈ ಸಲಹೆ ಕೊಡುವುದಿಲ್ಲ. ಹೇಳಿದ್ದು ಮರುಗಳಿಗೆಗೆ ಮರೆತು, ಪ್ರತಿದಿನವೂ ಹೊಸದಾಗಿ ಕೇಳಿ ದುಃಖಿಸುವವರಿಗೆ ಸಮಾಧಾನದ ಮಾತೇ ಸರಿ. ಆದರೆ ಬುದ್ಧಿ ನೆಟ್ಟಗಿರುವ ಹಿರಿಯರನ್ನೂ ಮಕ್ಕಳು ಅದೇ ಸಾಲಿಗೆ ಸೇರಿಸಿ, ‘ಹೇಳಿದರೆ ತಡೆದುಕೊಳ್ಳುವುದಿಲ್ಲ’ ಎನ್ನುತ್ತಾರೆ. ಗಂಡನ ಸಾವನ್ನು, ಬರಗಾಲವನ್ನು ತಡೆದುಕೊಂಡವರು ಇದನ್ನು ತಡೆದುಕೊಳ್ಳಲಾರರೇ? ತಡೆದುಕೊಳ್ಳಲಾಗದಿರುವುದು ಹೇಳಬೇಕಾದವರಿಗೆ.

ಮಗ ಹೇಳಿದರು. ತಾಯಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ, ಆದರೆ ಊಟ ಬಿಡಲಿಲ್ಲ. ಮೂರನೆಯ ದಿನ ಸೊಸೆಯನ್ನು ಕರೆಸಿ, ರಾತ್ರಿ ನಿದ್ರೆ ಬರುತ್ತಿದೆಯೇ ಎಂದು ಮೊದಲು ಕೇಳಿದರಂತೆ. ಪಿಂಚಣಿ ಹಣದಿಂದ ಶುಲ್ಕದ ಒಂದು ಭಾಗವನ್ನು ತಾವೇ ಕಟ್ಟುವುದು, ರಸೀದಿ ತಮ್ಮ ಕೈಗೇ ಬರಬೇಕು, ಯುಗಾದಿಯವರೆಗೆ ಇಲ್ಲಿದ್ದು ನೋಡುವುದು, ಹಬ್ಬಕ್ಕೆ ಊರಿನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವುದು ಎಂದು ಅವರೇ ತೀರ್ಮಾನಿಸಿದ್ದಾರೆ. ಮಗನ ಫೋನನ್ನು ಕೆಲವು ದಿನ ಈಗಲೂ ಎತ್ತುವುದಿಲ್ಲ. ಊರಿನ ಬಚ್ಚಲುಮನೆಯ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಬೇಕೆಂದು ಹೇಳಿ ತಿಂಗಳಾಯಿತು. ಹೋದ ವಾರ ವಿಚಾರಿಸಿದಾಗ ಮಗ ಇನ್ನೂ ಹಾಕಿಸಿರಲಿಲ್ಲ.